ಬಾವಿಯ ಬಾಯಿ ಮುಚ್ಚಿದರೆ ಸಾಲದು: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನೆಟ್ಟಣಿಗೆಯ ಮಿಂಚಿಪದವಿನ ಗೇರು ತೋಟದ ಪಾಳುಬಾವಿಯಲ್ಲಿ, ಬಳಸದೆ ಉಳಿದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೂಳಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿರುವುದು ತಮಗೆ ತಿಳಿದೇ ಇದೆ. ಹೂತವರು ಯಾರೆಂಬುದನ್ನು ನ್ಯಾಯಮಂಡಳಿ ನೋಡಿಕೊಳ್ಳಲಿ. ಆ ಗುಡ್ಡದ ಕೆಳಗೆ ವಾಸಿಸುವ ನಾನು, ಭಾಷಾ ಅಲ್ಪಸಂಖ್ಯಾತನಾಗಿ ನನಗಿರುವ ಹಕ್ಕಿನಂತೆ ಕನ್ನಡದಲ್ಲೇ, ಅಲ್ಲಿನ ಮಣ್ಣಿನ ವಿಚಾರವನ್ನಷ್ಟೇ ತಮ್ಮ ಮುಂದಿಡುತ್ತಿದ್ದೇನೆ.

ಈ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಮದ್ದು ಬಿಟ್ಟರು. ಮದ್ದು ಬಿಡುವ ದಿನ ನಮ್ಮ ಮನೆಯಲ್ಲಿ ಬಾವಿಗೆ ಅಡಕೆ ಮರದ ಸೀಳು ಹಾಸಿ, ಅದರ ಮೇಲೆ ತೆಂಗಿನ ಮಡಲು ಮುಚ್ಚುತ್ತಿದ್ದೆವು. ಮಡಲಿನ ಎಡೆಯಿಂದ ಹನಿ ಇಳಿಯುತ್ತದೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಮದ್ದಿಗೆ ತಡೆ ಹಾಕಿತು. ಇದರಿಂದ ಕಾಯಿಲೆಗೆ ಈಡಾದವರ ಪರಿಹಾರ, ಪಿಂಚಣಿಗಳ ಮಾತು ಅಂದಿನಿಂದ ನಡೆಯುತ್ತಲೇ ಇದೆ. ಮಣ್ಣಿನ ಮಾತು ಮಾತ್ರ ಕಡತದ ಕೊನೆಯ ಹಾಳೆಯಲ್ಲಿದೆ.

ಬಾವಿಯ ಬಾಯಿಗೆ ಕಾಂಕ್ರೀಟ್ ಹಾಕಿದರೆ ಕೆಲಸ ಮುಗಿಯಿತೆಂದು ಯಾರಾದರೂ ತಮಗೆ ಸಲಹೆ ಕೊಟ್ಟರೆ, ದಯವಿಟ್ಟು ಒಪ್ಪಬೇಡಿ. ನಮ್ಮದು ಮುರಕಲ್ಲಿನ ಗುಡ್ಡ; ಅದರ ಮೈತುಂಬ ತೂತು. ಆ ತೂತುಗಳಲ್ಲಿ ಇಳಿದ ಮಳೆನೀರನ್ನೇ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನಾವು ಕುಡಿಯುವುದು. ಮಳೆಗಾಲದ ಆಟಿ ತಿಂಗಳಲ್ಲಿ ಸುರಂಗದ ನೀರು ಬೀಳುವ ಟಾಂಕಿಯ ತಳಕ್ಕೆ ಕೈಹಾಕಿದರೆ ಬೆರಳಿಗೆ ಬೆಣ್ಣೆಯಂತೆ ನುಣ್ಣನೆಯ ಕೆಂಪು ಕೆಸರು ಹತ್ತುತ್ತದೆ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಅದು ಅಂಟಿಕೊಳ್ಳುವುದು ಇಂತಹ ಮಣ್ಣಿನ ಕಣಕ್ಕೆ. ಆದ್ದರಿಂದ ಮೇಲಿನ ತಿಳಿನೀರನ್ನು ಶೀಶೆಗೆ ತುಂಬಿಕೊಂಡು ಹೋಗಿ 'ಏನೂ ಇಲ್ಲ' ಎಂದರೆ, ಪರೀಕ್ಷಿಸಬೇಕಾದುದನ್ನೇ ಬಿಟ್ಟಂತಾಗುತ್ತದೆ. ಈ ಮದ್ದು ಕ್ಷಾರದಲ್ಲಿ ಬೇಗ ಒಡೆಯುತ್ತದೆ, ಆಮ್ಲೀಯವಾದ ನಮ್ಮ ಮಣ್ಣಿನಲ್ಲಿ ನಿಧಾನ. ಮಣ್ಣಿನ ಜೀವಾಣುಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡಿಸಿದರೂ ವಿಷ ಕುಗ್ಗುವುದಿಲ್ಲ, ಬಾಳಿಕೆ ಇನ್ನೂ ಹೆಚ್ಚುತ್ತದೆ. ಪ್ರಯೋಗಾಲಯಕ್ಕೆ ಕಳುಹಿಸುವ ಪತ್ರದಲ್ಲಿ ಸಲ್ಫೇಟಿನ ಹೆಸರನ್ನೂ ಬರೆಯಿಸಿ. ಬಾವಿಯ ತಳ, ಅದರ ಸುತ್ತಲಿನ ಆಳದ ಮಣ್ಣು, ಇಳಿಜಾರಿನ ಸುರಂಗಗಳ ಕೆಸರು ಮೂರನ್ನೂ ತೆಗೆಸಿ.

ವಿಷ ಸಿಕ್ಕಿದರೆ, ಅಗೆಯುವ ಕೆಲಸ ಬೇಸಿಗೆಯಲ್ಲಿ ಆರಂಭವಾಗಿ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು, ಮುಗಿಯಬೇಕು. ಅರ್ಧ ಅಗೆದ ಗುಂಡಿಗೆ ಮಳೆ ಬಿದ್ದರೆ ಅಗೆಯದಿದ್ದುದೇ ಲೇಸು. 2012ರಲ್ಲಿ ಇದೇ ಜಿಲ್ಲೆಯ ಗೋದಾಮುಗಳಲ್ಲಿ ಸೋರುತ್ತಿದ್ದ ಹಳೆಯ ಪೀಪಾಯಿಗಳಿಂದ ಎಂಡೋಸಲ್ಫಾನನ್ನು ಹೊಸ ಪೀಪಾಯಿಗಳಿಗೆ ಸುರಕ್ಷಿತವಾಗಿ ವರ್ಗಾಯಿಸಿದ್ದಾರೆ. ಅದೇ ಎಚ್ಚರಿಕೆ ಇಲ್ಲಿಯೂ ಇರಲಿ: ಕೆಲಸದವರಿಗೆ ಮುಖಗವಸು, ಕೈಗವಸು, ಮಣ್ಣಿಗೆ ಬಿಗಿ ಮುಚ್ಚಳದ ಡ್ರಮ್ಮು. ತೆಗೆದ ಮಣ್ಣನ್ನು ಇನ್ನೊಂದು ಊರಿನ ಗುಡ್ಡಕ್ಕೆ ಸಾಗಿಸದೆ, ಅಪಾಯಕಾರಿ ತ್ಯಾಜ್ಯವನ್ನು ಅಧಿಕ ಉಷ್ಣತೆಯಲ್ಲಿ ಸುಡುವ ಅನುಮತಿಯಿರುವ ಘಟಕಕ್ಕೇ ಕಳುಹಿಸಬೇಕು. ಗುಡ್ಡದ ಆಚೆ ಪುತ್ತೂರು ತಾಲೂಕು. ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲವಾದ್ದರಿಂದ ದಕ್ಷಿಣ ಕನ್ನಡದ ಜಿಲ್ಲಾಡಳಿತವನ್ನೂ ಜೊತೆಗೆ ಕರೆದುಕೊಳ್ಳಿ.

ಪರೀಕ್ಷೆಯ ವರದಿ ಬಂದಾಗ, ಅದರ ಕನ್ನಡ ಪ್ರತಿಯೊಂದನ್ನು ಪಂಚಾಯತು ಕಚೇರಿಯ ಗೋಡೆಗೆ ಅಂಟಿಸಲು ಆದೇಶಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಗುಡ್ಡದ ಕೆಳಗಿನ ಒಬ್ಬ ಅಡಕೆ ಕೃಷಿಕ