ಬಾತುಕೋಳಿಯ ಕೋಡ್ ಮತ್ತು 27 ರೂಪಾಯಿ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. 'ನೀನು ಅಂತಲೇ ಕರೀರಿ ಸರ್' ಅಂತ ನೀನೇ ಬರೆದಿದ್ದೀಯ, ಹಾಗಾಗಿ ಏಕವಚನ. ಕತೆಗಳೆರಡನ್ನೂ ಓದಿದೆ. ಅವುಗಳ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಪ್ರಶ್ನೆ. ಮಾರತ್ತಹಳ್ಳಿಯಲ್ಲಿ ಪಿಜಿ, ಬೆಳಗ್ಗೆ 6ಕ್ಕೆ ಕ್ಯಾಬ್, ದಿನವಿಡೀ ಅಮೆರಿಕದ ಯಾವುದೋ ಆಸ್ಪತ್ರೆಯ ಚಾರ್ಟ್, ಅಂದರೆ ರೋಗಿಯ ದಾಖಲೆ, ಓದಿ ಇನ್ಶೂರೆನ್ಸ್ ಬಿಲ್ಲಿಗಾಗಿ ಕಾಯಿಲೆಗೊಂದು ಚಿಕಿತ್ಸೆಗೊಂದು ಕೋಡ್ ಹಾಕುವುದು, ಆಡಿಟ್‌ನಲ್ಲಿ 95 ಪರ್ಸೆಂಟ್‌ಗಿಂತ ಕಮ್ಮಿ ಬಂದರೆ ಟೀಮ್ ಲೀಡ್ ಮುಂದೆ ತಲೆ ತಗ್ಗಿಸಿ ನಿಲ್ಲುವುದು. 'ಇದಕ್ಕೆ ಏನರ್ಥ ಸರ್? ಬಿಟ್ಟು ಊರಿಗೆ ಹೋಗಿ ಕಾದಂಬರಿ ಬರೆಯಲಾ?' ಅಂತ ಕೇಳಿದ್ದೀಯ.

ಬಿಡಬೇಡ. ಈಗಲೇ ಬಿಡಬೇಡ.

ಸಿಟ್ಟು ಬಂತು ಅಲ್ವಾ? ಪಿಂಚಣಿ ತಗೊಂಡು ಜಗಲಿ ಮೇಲೆ ಕೂತವರಿಗೆ ಹೀಗೆ ಹೇಳುವುದು ಸುಲಭ ಅಂತ ಅನ್ನಿಸಿರುತ್ತದೆ. ಅನ್ನಿಸಲಿ. ದುಡ್ಡಿನ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ನನ್ನ ಐದು ಪುಸ್ತಕಗಳಿಂದ ಇವತ್ತಿನವರೆಗೆ ಬಂದ ಗೌರವಧನ ಎಲ್ಲ ಕೂಡಿಸಿದರೂ ನನ್ನ ಒಂದು ವರ್ಷದ ಪಿಂಚಣಿಯಷ್ಟಾಗುವುದಿಲ್ಲ. ಕನ್ನಡದಲ್ಲಿ ಕತೆ ಬರೆದು ಪಿಜಿ ಬಾಡಿಗೆ ಕಟ್ಟುವವರನ್ನು ನಾನು ಕಂಡಿಲ್ಲ. ಅಷ್ಟೇ. ಆದರೆ ನಾನು ಬೇಡ ಅನ್ನುವುದು ದುಡ್ಡಿಗಾಗಿ ಮಾತ್ರ ಅಲ್ಲ.

ನಿನ್ನ ಕಾಗದದ ಎರಡನೇ ಪುಟದಲ್ಲಿ ಅರ್ಧ ಸಾಲು ಇದೆ. 'ಬಾತುಕೋಳಿ ಬಡಿದು ಗಾಯ ಆದರೂ ಒಂದು ಕೋಡ್ ಇದೆ ಸರ್, ಡಬ್ಲ್ಯು 61.62' ಅಂತ. ಅಷ್ಟು ಬರೆದು, ಏನೋ ತಪ್ಪು ಮಾಡಿದವಳ ಹಾಗೆ, ಸೀದಾ ಊರಿನ ಮಳೆಗೆ ಹೋಗಿಬಿಟ್ಟಿದ್ದೀಯ. ಮಳೆ ಮೂರು ಪುಟ. ಬಾತುಕೋಳಿ ಅರ್ಧ ಸಾಲು!

ಕತೆಗಳಲ್ಲೂ ಅದೇ ಆಗಿದೆ. ಅಜ್ಜಿ, ಅಡಿಕೆ ತೋಟ, ಹಂಚಿನ ಮೇಲೆ ಬೀಳುವ ಹನಿ ಎಲ್ಲ ಚೆನ್ನಾಗಿದೆ, ಆದರೆ ಅವನ್ನು ನಾನು ಬೇರೆಯವರಲ್ಲಿ ಬೇಕಾದಷ್ಟು ಓದಿದ್ದೇನೆ. ನಿನ್ನ ನಾಯಕಿ 'ಕಂಪನಿ'ಗೆ ಹೋಗುತ್ತಾಳೆ, 'ಕೆಲಸ' ಮಾಡುತ್ತಾಳೆ, ಸಂಜೆ ಬಾಲ್ಕನಿಯಲ್ಲಿ ನಿಂತು ಊರು ನೆನೆಯುತ್ತಾಳೆ. ಬೆಳಗ್ಗೆ 7ರಿಂದ ಸಂಜೆ 4ರವರೆಗೆ ಅವಳು ಏನು ಮಾಡಿದಳು? ಗೊತ್ತಿಲ್ಲ. ಇದು ನಿನ್ನೊಬ್ಬಳ ತಪ್ಪಲ್ಲ ಬಿಡು. ಈಗ ನನ್ನ ಕೈಗೆ ಬರುವ ಎಷ್ಟೋ ಕತೆಗಳಲ್ಲಿ ಬೆಂಗಳೂರಿನ ಟ್ರಾಫಿಕ್ ಇದೆ, ಕಾಫಿ ಇದೆ, ಒಂಟಿತನವಂತೂ ಧಾರಾಳ ಇದೆ, ಕೆಲಸ ಮಾತ್ರ ಇಲ್ಲ. ದಿನದ ಒಂಬತ್ತು ಗಂಟೆ ಪೂರ್ತಿ ಮಾಯ. ಬರೆಯುವವಳೇ ಅದನ್ನು ನೋಡಲು ಒಪ್ಪದಿದ್ದರೆ ಅದಕ್ಕೆ ಅರ್ಥ ಎಲ್ಲಿಂದ ಬರಬೇಕು ಹೇಳು.

ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದರು. ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಎಷ್ಟು ಬರೆದರೋ ಅಷ್ಟೇ ಗಟ್ಟಿಯಾಗಿ ಆ ಕಂಪನಿ ಲೋಕವನ್ನೂ ಬರೆದರು. 1979ರ 'ಶಿಕಾರಿ' ಕಾದಂಬರಿಯಲ್ಲಿ ಆಫೀಸಿನ ಭಯ ಹೇಗಿರುತ್ತದೆ ಅಂತ ಓದಿ ನೋಡು, ಆಮೇಲೆ ನಿನ್ನ ಟೀಮ್ ಲೀಡ್ ಕಡೆ ನೋಡು. ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸ್‌ನ ಅಧಿಕಾರಿ. 1943ರಲ್ಲಿ ತಮಗೆ ಬರಬೇಕಾದ ಸ್ಥಾನ ಕಿರಿಯರೊಬ್ಬರಿಗೆ ಹೋಯಿತೆಂದು ರಾಜೀನಾಮೆ ಕೊಟ್ಟು ಎದ್ದು ಬಂದರು. 'ನೋಡಿ, ಬಿಟ್ಟ ಮೇಲೆಯೇ ದೊಡ್ಡ ಕಾದಂಬರಿ ಬರೆದರಲ್ಲ' ಅಂತ ನೀನು ವಾದ ಮಾಡಬಹುದು. ನಿಜ, 'ಚಿಕವೀರ ರಾಜೇಂದ್ರ' ಆಮೇಲೆ ಬಂದದ್ದು. ಆದರೆ 1920ರಲ್ಲೇ ಅವರ ಕತೆಗಳ ಪುಸ್ತಕ ಬಂದಿತ್ತು, ಅಂದರೆ ರಾಜೀನಾಮೆಗೆ ಮೊದಲು 20 ವರ್ಷಕ್ಕೂ ಜಾಸ್ತಿ ಕಾಲ ಅವರು ಫೈಲನ್ನೂ ಕತೆಯನ್ನೂ ಜೊತೆಗೇ ನಡೆಸಿದ್ದರು. ಅಷ್ಟು ವರ್ಷ ತಾಲ್ಲೂಕು ತಿರುಗಿ ಜನರ ಅಹವಾಲು ಕೇಳಿದ್ದು ಸುಮ್ನೆ ಹೋಯಿತು ಅಂದುಕೊಂಡಿದ್ದೀಯಾ?

ನನ್ನ ಕತೆ ಅಷ್ಟು ದೊಡ್ಡದಲ್ಲ. 1984ರಲ್ಲಿ ಹಿರೇಕೆರೂರಿನ ಒಂದು ಬ್ಯಾಂಕ್ ಶಾಖೆಗೆ ಗುಮಾಸ್ತನಾಗಿ ಹೋದೆ. ಆಗ ಅದು ಧಾರವಾಡ ಜಿಲ್ಲೆ. ಮಂಡ್ಯ ಕಡೆಯ ನನಗೆ ಆ ಊರಿನ ಮಾತು ಅರ್ಥವಾಗಲಿಕ್ಕೇ ಒಂದು ತಿಂಗಳು ಬೇಕಾಯಿತು. ಎಸ್.ಬಿ., ಅಂದರೆ ಉಳಿತಾಯ ಖಾತೆಯ ಕೌಂಟರ್ ಕೊಟ್ಟರು. ಆ ಲೆಡ್ಜರ್‌ಗಳನ್ನು ನೀನು ನೋಡಿರಲಾರೆ, ಒಂದನ್ನು ಎತ್ತಲು ಎರಡು ಕೈ ಬೇಕು. ತಿಂಗಳಿಗೊಮ್ಮೆ ಬ್ಯಾಲೆನ್ಸಿಂಗ್. ಪ್ರತಿ ಖಾತೆಯ ಬಾಕಿಯನ್ನೂ ಒಂದು ಪುಸ್ತಕಕ್ಕೆ ಇಳಿಸಿ, ಕೂಡಿಸಿ, ಜನರಲ್ ಲೆಡ್ಜರ್‌ಗೆ ತಾಳೆ ಹಾಕಬೇಕು. ಒಂದು ಸಲ 27 ರೂಪಾಯಿ ವ್ಯತ್ಯಾಸ ಬಂತು. ಮೂರು ದಿನ ಸಂಜೆ ಕೂತು ಕೂಡಿಸಿದೆ. ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿಕೊಂಡು ಕೂಡಿಸಿದೆ. ಸಿಗಲಿಲ್ಲ. ಆಗ ನಾನೂ ನಿನ್ನ ಹಾಗೇ ಅಂದುಕೊಂಡೆ, ಬಿ.ಎ.ಯಲ್ಲಿ ಪಂಪನನ್ನು ಓದಿದವನು 27 ರೂಪಾಯಿಗೆ ಜೀವ ತೇಯುತ್ತಿದ್ದೇನಲ್ಲ ಅಂತ.

ನಮ್ಮ ಹೆಡ್ ಕ್ಲರ್ಕ್ ಮನೆಗೆ ಹೊರಟವರು ಸೈಕಲ್ ಬೀಗ ಕೈಯಲ್ಲಿ ಹಿಡಿದುಕೊಂಡೇ ಹತ್ತಿರ ಬಂದು, 'ಒಂಬತ್ತರಲೇ ಭಾಗಿಸಿ ನೋಡಿದ್ರೇನು ತಮ್ಮಾ' ಅಂದರು. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು. 27 ಅಂದರೆ ಮೂರು ಒಂಬತ್ತಲಿ. ಹಾಗಾದರೆ ಪಕ್ಕಪಕ್ಕದ ಅಂಕಿಗಳ ನಡುವೆ ಮೂರರ ಅಂತರ ಇರುವ ಕಡೆ ಮಾತ್ರ ನೋಡಿದರೆ ಸಾಕು. ಹತ್ತೇ ನಿಮಿಷ. 1,285 ಇದ್ದದ್ದನ್ನು 1,258 ಅಂತ ಮುಂದಿನ ಹಾಳೆಗೆ ಒಯ್ದಿದ್ದೆ. ಸಿಕ್ಕ ಕ್ಷಣ ಬೆನ್ನು ಹುರಿಯಲ್ಲಿ ಏನೋ ಹರಿದ ಹಾಗಾಯಿತು, ನಂಬು. ಮೊದಲ ಕತೆ ಅಚ್ಚಾದಾಗಲೂ ಅಷ್ಟಾಗಲಿಲ್ಲ.

ಆ ಖಾತೆ ಒಬ್ಬ ಪಂಕ್ಚರ್ ಅಂಗಡಿಯವನದು. ಬಂದಾಗ ಹೆಮ್ಮೆಯಿಂದ ಹೇಳಿದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, 'ಇಪ್ಪತ್ತೇಳು ರೂಪಾಯಿಗೆ ಮೂರು ದಿನ ಕುಂತ್ರೇನ್ರೀ? ಅಷ್ಟ್ರಾಗ ಎಷ್ಟ್ ಪಂಕ್ಚರ್ ಹಾಕ್ಬೋದಿತ್ತು ಗೊತ್ತೇನು' ಅಂದ. ಹೋದ.

(ಅವನು ಪಂಕ್ಚರ್ ಅಂಗಡಿಯವನಲ್ಲ. ಧಂದೆ ಬದಲಿಸಿದ್ದೇನೆ, ಅಂಕಿಯನ್ನೂ ಸ್ವಲ್ಪ ಬದಲಿಸಿದ್ದೇನೆ. ಗ್ರಾಹಕರ ಲೆಕ್ಕ ಹೊರಗೆ ಹೇಳುವ ಹಾಗಿಲ್ಲ. ನೀನೂ ರೋಗಿಯ ಒಂದು ವಿವರವನ್ನೂ ಆಚೆ ತರಬೇಡ. ಅದು ಕೆಲಸದ ಕಟ್ಟಳೆ, ಮರ್ಯಾದೆಯೂ ಹೌದು. ರೋಗಿಯನ್ನು ಬಿಟ್ಟು ನಿನ್ನ ಕುರ್ಚಿಯಿಂದ ಬರಿ.)

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರಿಗೂ ಅದು ಬೇಕಿರಲಿಲ್ಲ. ಆದರೂ ಆ ಪುಸ್ತಕ ನನ್ನ ಕೈಯಲ್ಲಿ ಸರಿಯಾಯಿತು ಅನ್ನುವುದು ನನಗೆ ಗೊತ್ತಿತ್ತು. ವಾಕ್ಯ ತಿದ್ದುವಾಗಲೂ ನನಗೆ ಸಿಗುವುದು ಅದೇ ಸುಖ, ಬೇರೆ ಯಾವುದೂ ಅಲ್ಲ.

ನಿನ್ನ ಕಷ್ಟ ಬೇರೆ, ಒಪ್ಪುತ್ತೇನೆ. ನನಗೆ ಪಂಕ್ಚರ್ ಅಂಗಡಿಯವನು ಎದುರಿಗೆ ಬರುತ್ತಿದ್ದ, ಬೈಯಲಿಕ್ಕಾದರೂ ಬರುತ್ತಿದ್ದ. ನಿನಗೆ ಯಾರೂ ಕಾಣುವುದಿಲ್ಲ. ನಮಗೂ ಅದು ಆಮೇಲೆ ಗೊತ್ತಾಯಿತು. ಕಂಪ್ಯೂಟರ್ ಬಂದು ಎಲ್ಲ ಶಾಖೆಗಳೂ ಒಂದೇ ಜಾಲಕ್ಕೆ ಸೇರಿದ ಮೇಲೆ ಲೆಡ್ಜರ್‌ಗಳು ಗೋಡೌನ್ ಸೇರಿದವು, ತಾಳೆ ಹಾಕುವ ಕೆಲಸವೇ ಹೋಯಿತು. ಜನರಿಗೆ ಅನುಕೂಲ ಆಯಿತು, ಅದರಲ್ಲಿ ಎರಡು ಮಾತಿಲ್ಲ. ನನಗೆ ಮಾತ್ರ ಒಂದೆರಡು ವರ್ಷ ಕೈ ಖಾಲಿ ಅನ್ನಿಸುತ್ತಿತ್ತು. ದಿನವಿಡೀ ಕೀಲಿ ಒತ್ತಿದರೂ ಸಂಜೆ 'ಇದು ನಾನು ಮಾಡಿದ್ದು' ಅಂತ ತೋರಿಸಲು ಏನೂ ಇರುತ್ತಿರಲಿಲ್ಲ.

ಅದಕ್ಕೇ ಹೇಳುವುದು, ನಿನ್ನ ಕೈ ದಾಟಿದ ಮೇಲೆ ಆ ಕೋಡ್ ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸು. ನಿನ್ನ ಲೀಡನ್ನೇ ಕೇಳು. ಕೋಡ್ ತಪ್ಪಿದರೆ ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಳ್ಳಿಹಾಕಬಹುದು, ಬಿಲ್ಲು ರೋಗಿಯ ಮನೆಗೇ ಹೋಗಬಹುದು. ಆ ದೇಶದ ವ್ಯವಸ್ಥೆ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮಾರತ್ತಹಳ್ಳಿಯ ಒಬ್ಬ ಹುಡುಗಿ ಮಧ್ಯಾಹ್ನ ಮೊಸರನ್ನ ತಿಂದು ಬಂದು ಒತ್ತಿದ ಒಂದು ಅಂಕಿ, ಅಲ್ಲಿ ಯಾವುದೋ ಅಡುಗೆಮನೆಯ ಮೇಜಿನ ಮೇಲೆ ಲಕೋಟೆಯಾಗಿ ಬೀಳುತ್ತದೆ ಅಂದರೆ ಅದೇನು ಸಣ್ಣ ವಿಷಯವಾ?

ಎಲ್ಲ ಕೆಲಸದಲ್ಲೂ ಹೀಗೆ ಹುಡುಕಿದರೆ ಅರ್ಥ ಸಿಗುತ್ತದೆ ಅಂತ ಮಾತ್ರ ತಿಳಿಯಬೇಡ. ನನಗೆ ಸಿಗದಿದ್ದದ್ದೂ ಇದೆ. 2007ರಲ್ಲಿ ನಮಗೆಲ್ಲ ಇನ್ಶೂರೆನ್ಸ್ ಪಾಲಿಸಿ ಮಾರುವ ಟಾರ್ಗೆಟ್ ಬಂತು. ಎಫ್.ಡಿ. ನವೀಕರಿಸಲು ಬಂದ ಒಬ್ಬ ನಿವೃತ್ತ ಮೇಷ್ಟ್ರನ್ನು ಕೂರಿಸಿ, ಕಾಫಿ ತರಿಸಿ, ಒಂದು ಪಾಲಿಸಿಗೆ ಸಹಿ ಹಾಕಿಸಿದೆ. ಮೂರು ವರ್ಷ ಆ ದುಡ್ಡು ಮುಟ್ಟುವ ಹಾಗಿಲ್ಲ ಅನ್ನುವ ಮಾತನ್ನು ಹೇಳಿದೆ, ಆದರೆ ಹೇಗೆ ಹೇಳಿದರೆ ಕಿವಿಗೆ ಬೀಳುವುದಿಲ್ಲವೋ ಹಾಗೆ ಹೇಳಿದೆ. ಮರುವರ್ಷ ಹೆಂಡತಿಯ ಆಪರೇಷನ್‌ಗೆ ದುಡ್ಡು ಬೇಕು ಅಂತ ಬಂದರು. ಕೊಡಲು ಬರಲಿಲ್ಲ. ಅವರು ಬೈಯಲೂ ಇಲ್ಲ, 'ನೀವು ಕತೆ ಬರೀತೀರಲ್ವಾ' ಅಂತಷ್ಟೇ ಕೇಳಿ ಹೋದರು. ಆಮೇಲೆ ನಾನು ಆ ಟಾರ್ಗೆಟ್ ಮುಟ್ಟಲಿಲ್ಲ. ಬಡ್ತಿಯೂ ಬರಲಿಲ್ಲ, ವರ್ಗಾವಣೆ ಮಾತ್ರ ಬಂತು. ಇದನ್ನು ಇವತ್ತಿಗೂ ಕತೆ ಮಾಡಲು ಆಗಿಲ್ಲ ನನಗೆ.

ಹಾಗಾಗಿ ಬಿಡುವುದಿದ್ದರೆ ಅಂಥ ಕಾರಣಕ್ಕೆ ಬಿಡು. ಎದುರಿಗಿರುವವನಿಂದ ಏನನ್ನೋ ಮುಚ್ಚಿಟ್ಟರೆ ಮಾತ್ರ ಸಂಬಳ ಅನ್ನುವಂತಾದರೆ ಮರುದಿನವೇ ಬಿಡು, ಕಾದಂಬರಿಯ ನೆಪ ಬೇಡ. ಬೋರ್ ಆಗುತ್ತದೆ ಅಂತ ಬಿಡಬೇಡ. ಬೋರು ಊರಿನಲ್ಲೂ ಇದೆ, ಮಳೆಗಾಲದಲ್ಲಂತೂ ಕೇಳಲೇಬೇಡ.

ನಿಮ್ಮ ಆಫೀಸಿನ ಗೋಡೆ ಮೇಲೆ 'ಕಾಯಕವೇ ಕೈಲಾಸ' ಅಂತ ಕನ್ನಡ ರಾಜ್ಯೋತ್ಸವಕ್ಕೆ ಬೋರ್ಡು ಹಾಕಿ ಇನ್ನೂ ತೆಗೆದಿಲ್ಲ ಅಂತ ನಗಾಡಿದ್ದೀಯ. 2023ರಲ್ಲಿ ಒಬ್ಬರು ವಾರಕ್ಕೆ 70 ಗಂಟೆ ದುಡೀರಿ ಅಂದರು, 2025ರ ಶುರುವಿನಲ್ಲಿ ಇನ್ನೊಬ್ಬರು 90 ಅಂದರು. ಅಂಥವರಿಗೆಲ್ಲ ಆ ಮಾತು ಬಲು ಅನುಕೂಲ. ಆದರೆ ಆ ಮಾತಿನ ಜೊತೆ ಬರುವ ಆಯ್ದಕ್ಕಿ ಮಾರಯ್ಯನ ಮನೆಯ ಕತೆಯನ್ನು ಯಾರೂ ಬೋರ್ಡಿಗೆ ಹಾಕುವುದಿಲ್ಲ ನೋಡು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಆಯ್ದು ತಂದ. ಹೆಂಡತಿ ಲಕ್ಕಮ್ಮ ಹೊಗಳಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಹೋಗಿ ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು. ಹನ್ನೆರಡನೇ ಶತಮಾನದಲ್ಲಿ! ಕಾಯಕ ದೊಡ್ಡದು ಅಂದ ಮನೆಯಲ್ಲೇ 'ಸಾಕು' ಅನ್ನುವ ಮಾತೂ ಹುಟ್ಟಿತು. ಇನ್ಸೆಂಟಿವ್‌ಗೆ ಅಂತ ಶನಿವಾರವೂ ಚಾರ್ಟ್ ಮಾಡಿ ಮಣಿಕಟ್ಟು ನೋಯಿಸಿಕೊಂಡಿದ್ದೀಯಂತೆ. ಆ ಶನಿವಾರವನ್ನು ವಾಪಸ್ ಸುರಿದು ಬಾ. ಅದು ನಿನ್ನ ಬರವಣಿಗೆಯ ದಿನ. ಉಳಿದ ದಿನ ಕ್ಯಾಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಆ ದಿನ ಕೇಳಿದ ಒಂದು ಮಾತು, ಕಂಡ ಒಂದು ಕೈಕೆಲಸ ಬರೆದುಕೊ, ಸಾಕು. ಪಕ್ಕದ ಸೀಟಿನವಳು ಚಾರ್ಟ್ ಓದುವಾಗ ತುಟಿ ಅಲ್ಲಾಡಿಸುತ್ತಾಳಾ? ಯಾವ ಕಾಯಿಲೆ ಬಂದಾಗ ನಿಮ್ಮ ಸಾಲಿನಲ್ಲಿ ಮಾತು ನಿಲ್ಲುತ್ತದೆ? ಲೀಡ್‌ಗೆ ಅವನ ಲೀಡ್ ಯಾರು?

ನಿನ್ನ ಎರಡನೇ ಕತೆಯಲ್ಲಿ ಅಜ್ಜಿ ಔಷಧದ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದಿದಂತೆ ನಟಿಸುವ ಜಾಗ ಇದೆಯಲ್ಲ, ಅಲ್ಲಿ ನೀನು ನಿಜವಾಗಿ ನೋಡಿದ್ದೀಯ. ಅದನ್ನು ಉಳಿಸಿಕೊ, ಉಳಿದದ್ದನ್ನು ಸದ್ಯಕ್ಕೆ ಪಕ್ಕಕ್ಕಿಡು. ಚೀಟಿ ಓದಲು ಬಾರದ ಅಜ್ಜಿ, ಊರಾಚೆ ಊರಿನವರ ಚೀಟಿ ಓದಿಯೇ ಹೊಟ್ಟೆ ಹೊರೆಯುವ ಮೊಮ್ಮಗಳು. ಇಬ್ಬರೂ ಒಂದೇ ಕತೆಯವರು ಅಂತ ನಿನಗೆ ಹೊಳೆದಿರಲಿಲ್ಲವಾ?

ಬಾತುಕೋಳಿಯ ಕತೆ ಬರೆದು ಕಳಿಸು, ದೀಪಾವಳಿಯೊಳಗೆ. ಒಂದು ಅನುಮಾನ. ರೋಗಿ ಮೊದಲ ಸಲ ಬಂದರೆ ಕೋಡಿನ ಕೊನೆಗೆ ಒಂದು ಅಕ್ಷರ, ಅದೇ ಗಾಯಕ್ಕೆ ಮತ್ತೆ ಬಂದರೆ ಇನ್ನೊಂದು ಅಕ್ಷರ ಅಂದಿದ್ದೀಯಲ್ಲ. ಅವನು ಬೇರೆ ಆಸ್ಪತ್ರೆಗೆ ಹೋಗಿ, ಬಾತುಕೋಳಿ ಅಂತ ಹೇಳಲು ನಾಚಿಕೆಯಾಗಿ, ಜಾರಿ ಬಿದ್ದೆ ಅಂತ ಹೇಳಿದರೆ ಏನು ಹಾಕುತ್ತೀರಿ?

ಇಂತಿ,
ನಿನ್ನ ಅಣ್ಣನಂಥವನು