ದೊಡ್ಡಪ್ಪನ ನೆನಪುಗಳನ್ನು ಕಳಿಸಿ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರಕ್ಕೆ ದೊಡ್ಡಪ್ಪ ಹೋಗಿ ಒಂದು ತಿಂಗಳು. ಅವರ ಫೋಟೋ, ನೆನಪು ಏನಿದ್ದರೂ ಶನಿವಾರದೊಳಗೆ ಇಲ್ಲೇ ಹಾಕಿ. ವಾಯ್ಸ್ ಮೆಸೇಜ್ ಆದರೂ ಸರಿ, ನಾನು ಬರೆದುಕೊಳ್ಳುತ್ತೇನೆ. ಸುಮ್ನೆ ಕೈಮುಗಿದ ಇಮೋಜಿ ಮಾತ್ರ ಬೇಡ, ಆಯ್ತಾ?

ನನಗೆ ಮೊದಲು ನೆನಪಾಗುವುದು ಅವರ ಸುತ್ತಿಗೆ. ರೈಲ್ವೆಯಲ್ಲಿ ಕೀಮನ್ ಆಗಿದ್ದಾಗ ದಿನಾ ಹಳಿಯುದ್ದಕ್ಕೂ ನಡೆದು, ಹಳಿಯನ್ನು ಬಿಗಿಯಾಗಿ ಹಿಡಿದಿಡುವ ಕೀಗಳು, ಅಂದರೆ ಕಬ್ಬಿಣದ ಬೆಣೆಗಳು, ಸಡಿಲವಾಗಿದ್ದರೆ ಬಡಿದು ಕೂರಿಸುತ್ತಿದ್ದರು. ಹಳಿ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಆಗೆಲ್ಲ ಕಣ್ಣು ಜಾಸ್ತಿ ಬೇಕು ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಚಟ ಹೋಗಲಿಲ್ಲ. ಬಾಗಿಲ ತಿರುಪು, ಮೊಮ್ಮಕ್ಕಳ ಸೈಕಲ್ಲು, ಎಲ್ಲವನ್ನೂ ಒಮ್ಮೆ ತಟ್ಟಿ ನೋಡಲೇಬೇಕು! ಅವರ ಹಳೇ ಟಾರ್ಚು ಇನ್ನೂ ದಿಂಬಿನ ಪಕ್ಕದಲ್ಲೇ ಇದೆ. ದೊಡ್ಡಮ್ಮ ತೆಗೆಯಲು ಬಿಟ್ಟಿಲ್ಲ.