ಸೊಳ್ಳೆ ನೋಡಿ ಬಂದೆ, ಪೂವಯ್ಯ

ಪೂವಯ್ಯ,

ಫೋನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಸಿದ್ದಾಪುರದ ಹೆಲಿಕಾಪ್ಟರ್ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮಗಳ ಮನೆಗೆ ಲಂಡನ್ನಿಗೆ ಹೋಗಿದ್ದೆನಲ್ಲ, ಅಲ್ಲೇ ಹತ್ತಿರ ಡಿ ಹ್ಯಾವಿಲೆಂಡ್ ವಿಮಾನ ಮ್ಯೂಸಿಯಂ ನೋಡಿದೆ. ‘ಮಸ್ಕಿಟೊ ನೋಡೋಣ ಬಾ’ ಅಂದರೆ, ‘ಸೊಳ್ಳೆಗೆ ಇಷ್ಟು ದೂರ ಬರಬೇಕಿತ್ತಾ, ನಮ್ಮ ಗದ್ದೆ ಬದಿಗೆ ನಿಂತಿದ್ದರೆ ಸಾಕಿತ್ತು’ ಅಂದಳು ನನ್ನವಳು. ಈ ಸೊಳ್ಳೆ ಅಂದರೆ ಯುದ್ಧವಿಮಾನ, ಅದೂ ಮರದ್ದು ಮಾರಾಯ! ಬರ್ಚ್ ಪ್ಲೈವುಡ್ ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರ. ಯುದ್ಧದ ಕಾಲದಲ್ಲಿ ಮೇಜು ಕುರ್ಚಿ ಮಾಡುತ್ತಿದ್ದ ಬಡಗಿಗಳೂ ಇದರ ಭಾಗ ಮಾಡಿಕೊಟ್ಟರಂತೆ. 1940ರ ನವೆಂಬರ್‌ನಲ್ಲಿ ಹಾರಿದ ಮೊಟ್ಟಮೊದಲನೆಯದೇ ಅಲ್ಲಿದೆ. ಮೊದಮೊದಲು ಅಂಟಿಸಿದ್ದು ಹಾಲಿನಿಂದ ಮಾಡಿದ ಅಂಟಿನಿಂದ. 1944ರಲ್ಲಿ ನಮ್ಮ ದೇಶದಲ್ಲಿ ಹಾರುತ್ತಿದ್ದ ಕೆಲವಕ್ಕೆ ರೆಕ್ಕೆಯ ಜೋಡಣೆಯೇ ಬಿಟ್ಟಿತ್ತು. ನಮ್ಮ ಜುಲೈ ಮಳೆಗೆ ಇಟ್ಟಿದ್ದರೆ ಏನಾಗುತ್ತಿತ್ತೋ.

ಅಲ್ಲಿ ಕೆಲಸ ಮಾಡುವವರೆಲ್ಲ ಹೆಚ್ಚಾಗಿ ಸಂಬಳವಿಲ್ಲದವರು. ಒಬ್ಬ ಅಜ್ಜ ಒಬ್ಬ ಹುಡುಗನ ಕೈ ಹಿಡಿದು ಉಪ್ಪು ಕಾಗದ ಉಜ್ಜುವುದನ್ನು ಕಲಿಸುತ್ತಿದ್ದ. ಹುಡುಗ ಜೋರಾಗಿ ಉಜ್ಜಿದಾಗ ಬೈಯಲಿಲ್ಲ. ತನ್ನ ಬೆರಳಿಂದ ಮರ ಸವರಿ, ‘ಇಲ್ಲಿ ಮುಟ್ಟು’ ಅಂದ, ಅಷ್ಟೇ.

ನಾನು ಕೊಡಗಿನವನು ಅಂತ ಪರಿಚಯ ಮಾಡಿಕೊಂಡು ನಮ್ಮ ಪೈಲಟ್ ಅಜ್ಜಮಾಡ ದೇವಯ್ಯನವರ ಕತೆ ಹೇಳಿದೆ. 1965ರ ಯುದ್ಧ, ಪಾಕಿಸ್ತಾನದ ಸರ್ಗೋಧ, ಹಳೇ ಮಿಸ್ಟೇರ್ ವಿಮಾನ ಹಿಡಿದು ಅವರ ಸ್ಟಾರ್‌ಫೈಟರ್ ವಿಮಾನ ಉರುಳಿಸಿದ್ದು. ಎದೆ ಉಬ್ಬಿಸಿಕೊಂಡೇ ಹೇಳಿದೆ. ಅಜ್ಜ ಎಲ್ಲಾ ಕೇಳಿ, ‘ನೀನು ಏನು ರಿಪೇರಿ ಮಾಡ್ತೀಯ?’ ಅಂದ.

ಉತ್ತರ ಇರಲಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಅಪ್ಪನ ಕೈ ಪಲ್ಪರ್ ನೆನಪಿದೆಯಾ, ತಾಮ್ರದ ತಗಡು ಸುತ್ತಿದ್ದು? ಅದನ್ನು ನಾನು ಗುಜರಿಗೆ ತೂಕಕ್ಕೆ ಹಾಕಿಬಿಟ್ಟೆ. ಅಪ್ಪನಿಗೆ ರಿಪೇರಿಗೆ ಮೈಸೂರಿಗೆ ಕಳಿಸಿದ್ದೇನೆ ಅಂದೆ. ಪ್ರತಿ ಕಾಫಿ ಕೊಯ್ಲಿಗೂ ಕೇಳುತ್ತಿದ್ದರು, ‘ಪಲ್ಪರ್ ಬಂತಾ?’ ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳಿದರು. ಮುಂದಿನ ವಾರ ಬರುತ್ತೆ ಅಂದೆ. ಅವರ ಎಣ್ಣೆ ಕ್ಯಾನು ಇನ್ನೂ ಶೆಡ್ಡಿನಲ್ಲೇ ಇದೆ. ಅರ್ಧ ತುಂಬಿದೆ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಕರೆಂಟಿಲ್ಲ, ಮಳೆ ಬೇರೆ, ಮೊಬೈಲಿನ ಬ್ಯಾಟರಿ ಹನ್ನೊಂದು ಪರ್ಸೆಂಟಿಗೆ ಇಳಿದಿದೆ. ನಿನ್ನ ಜೀಪಿನ ಹಾರ್ನ್ ಹಾಳುಮಾಡಿದ್ದೂ ನಾನೇ ಅಂತ ಈಗ ಒಪ್ಪಿಸಬೇಡ. ಅದು ಚಿಕ್ಕಣ್ಣನ ಆಡಿನ ಕೆಲಸ. ನನಗೆ ಸಾಕ್ಷಿ ಇದೆ.

ಭಾನುವಾರ ಬಾ. ಸ್ಪ್ಯಾನರ್ ತಗೊಂಡು ಬಾ, ನನ್ನ ಹತ್ತಿರ ಇರೋದು ಒಂದೇ, ಅದೂ ನಿನ್ನದೇ.